ಎರಡೂ ಎಡತೋಳು

ಟೈಲರಕ್ಕ ಹೊಲಿದ ಅಂಗಿಯನ್ನು ಅವಳ ಅತ್ತೆ ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಬಿದ್ದು ಬಿದ್ದು ನಕ್ಕರು.

“ಇದೇನೇ ಇದು, ಎರಡೂ ಎಡತೋಳು! ಹಾಕ್ಕೊಳ್ಳೋನಿಗೆ ಬಲಗೈ ಬೇಡ್ವಾ?”

ಟೈಲರಕ್ಕನ ಮುಖ ಪೆಚ್ಚಾಯಿತು. ಮಷಿನ್ ಪಕ್ಕದ ಮೊಬೈಲಿನಲ್ಲಿ ಬೆಳಗಿನಿಂದ ಒಂದಾದ ಮೇಲೊಂದು ವಿಡಿಯೊ ಓಡುತ್ತಲೇ ಇತ್ತು. ಧೈರ್ಯದ ಭಾಷಣ, ಗೆಲುವಿನ ಭಾಷಣ, ನಡುವೆ ಯಾರದೋ ಹಾಡು, ಕುಣಿತ. ಕೇಳುವಷ್ಟು ಹೊತ್ತು ಮೈ ಜುಮ್ಮೆನ್ನುತ್ತಿತ್ತು. ಮುಗಿದ ಮೇಲೆ ಎದೆ ಮತ್ತೆ ಡವಡವ.

ಪುರಸಭೆಯವರು ತಮ್ಮ ಕಟ್ಟಡದಲ್ಲಿದ್ದ ಅವಳ ಹೊಲಿಗೆ ತರಗತಿಯ ಕೋಣೆಯನ್ನು ಹಳೇ ಕುರ್ಚಿಗಳ ಉಗ್ರಾಣ ಮಾಡಲು ಹೊರಟಿದ್ದರು. ಹನ್ನೊಂದು ಹೆಂಗಸರು ಅಲ್ಲಿ ಹೊಲಿಗೆ ಕಲಿಯುತ್ತಿದ್ದರು. ಶುಕ್ರವಾರದ ಸಭೆಯಲ್ಲಿ ಅವಳೇ ಎದ್ದು ಮಾತಾಡಬೇಕು. ಅವಳು ಬಾಯಿ ಬಿಡದಿದ್ದರೆ ಕೋಣೆ ಹೋದಂತೆಯೇ.

“ಮೊಬೈಲ್ ನೋಡಿ ಯಾರಾದ್ರೂ ಮಾತು ಕಲಿತಾರಾ? ಮೂಲೆಗೆ ಎಸಿ ಅದನ್ನ,” ಎಂದರು ಅತ್ತೆ.

ಗುಂಡಿ ಹಾಕಿಸಿಕೊಳ್ಳಲು ಬಂದಿದ್ದ ಪಕ್ಕದ ಮನೆಯ ಲೈಬ್ರರಿ ಮೇಡಂ ನಕ್ಕರು. “ಪಾಪ, ಮೊಬೈಲ್ ಏನು ಮಾಡ್ತು? ಅದು ಮುಂದಿಟ್ಟದ್ದನ್ನೆಲ್ಲ ನೋಡ್ತಾ ಕೂತ್ರೆ ಹೀಗೇ ಆಗೋದು. ಅಕ್ಕಾ, ಇಷ್ಟರಲ್ಲಿ ನಿನಗೆ ಹಿಡಿಸಿದ್ದು ಯಾವ್ದು? ಒಂದೇ ಒಂದು ಹೇಳು.”

“ಒಬ್ಬಳು ಒಡೆದ ಬಟ್ಟಲು ಕೈಲಿ ಹಿಡ್ಕೊಂಡು ಮಾತು ಶುರು ಮಾಡಿದ್ಲು. ತಾನು ಸೋತ ಕಥೆಯಿಂದ.”

“ಸಾಕು! ಮುಂದಿನ ವಿಡಿಯೊ ತಾನಾಗೇ ಬರೋದನ್ನ ಸೆಟ್ಟಿಂಗ್‌ನಲ್ಲಿ ಆಫ್ ಮಾಡೋಣ. ಅದೊಂದನ್ನೇ ಮತ್ತೆ ನೋಡು. ಆಮೇಲೆ ಮೊಬೈಲ್ ಮುಚ್ಚಿಟ್ಟು, ಇವತ್ತೇ ಒಬ್ಬರ ಮುಂದೆ ನಿಂತು ಮಾತಾಡು.”

“ಯಾರ ಮುಂದೆ?”

“ಮನೇಲಿ ಅತ್ತೆ ಇಲ್ವಾ? ಅವರನ್ನ ಒಪ್ಪಿಸಿದ್ರೆ ಪುರಸಭೆ ಯಾವ ಲೆಕ್ಕ!”

ಮೊದಲ ದಿನ ಅತ್ತೆ ಆಕಳಿಸಿದರು. ಮರುದಿನ, “ಗಟ್ಟಿಯಾಗಿ ಹೇಳೇ, ಕಿವಿಗೇ ಬೀಳ್ತಿಲ್ಲ” ಎಂದು ಗದರಿದರು. ಮೂರನೆಯ ದಿನ ತರಕಾರಿ ಹೆಚ್ಚುತ್ತಿದ್ದ ಅವರ ಕೈ ತಾನಾಗಿ ನಿಂತಿತು.

ಶುಕ್ರವಾರ ಸಭೆಯಲ್ಲಿ ಟೈಲರಕ್ಕ ಎದ್ದು ನಿಂತಳು. ಅವಳು ಚೀಲದಿಂದ ಆ ಅಂಗಿಯನ್ನೇ ತೆಗೆದು ಎತ್ತಿ ಹಿಡಿದಳು.

“ಇದು ನಾನು ಕೆಡಿಸಿದ ಅಂಗಿ. ಎರಡೂ ಎಡತೋಳು!”

ಸಭೆ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು.

“ಹದಿನೈದು ವರ್ಷದಿಂದ ಹೊಲೀತಿರೋ ನನ್ನ ಕೈಯೇ ತಪ್ಪುತ್ತೆ. ಹೊಸಬರ ಕೈ ತಪ್ಪದೇ ಇರುತ್ತಾ? ತಪ್ಪು ಹೊಲಿದು, ಬಿಚ್ಚಿ, ಮತ್ತೆ ಹೊಲಿಯೋಕೆ ಈ ಹನ್ನೊಂದು ಜನಕ್ಕೆ ಇರೋದು ಅದೊಂದೇ ಕೋಣೆ. ಹಳೇ ಕುರ್ಚಿ ಎಲ್ಲಾದ್ರೂ ಇಡಬಹುದು ಸ್ವಾಮಿ. ಇವರು ಎಲ್ಲಿಗೆ ಹೋಗಬೇಕು?”

ನಗು ನಿಂತಿತು. ಅಧ್ಯಕ್ಷರು ಸದಸ್ಯರ ಅಭಿಪ್ರಾಯ ಕೇಳಿದರು. ಒಂದೊಂದಾಗಿ ಕೈಗಳು ಮೇಲೆದ್ದವು. ಕೋಣೆ ಉಳಿಯಿತು! ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಹಿಂದಿನ ಸಾಲಿನಲ್ಲಿದ್ದ ಅತ್ತೆ.

ಮನೆಗೆ ಬಂದವರೇ ಅವರು ಸೊಸೆಯ ಪಕ್ಕ ಕೂತರು. “ಆ ಬಟ್ಟಲಿನವಳನ್ನ ನನಗೂ ತೋರ್ಸೇ. ಒಂದೇ ಒಂದು. ಮುಂದಿನ ಸಭೇಲಿ ನಾನೂ ಒಂದು ಕೈ ನೋಡ್ತೀನಿ.”

ನೀವೂ ಒಳ್ಳೆಯ ಭಾಷಣ, ಹಾಡು, ಕುಣಿತದ ವಿಡಿಯೊ ನೋಡಿ, ಖಂಡಿತ ನೋಡಿ. ಆದರೆ ನಿಮಗೆ ಬೇಕಾದ್ದನ್ನು ನೀವೇ ಆರಿಸಿ. ಒಂದು ಮುಗಿದ ಕೂಡಲೇ ಮೊಬೈಲ್ ಕೆಳಗಿಟ್ಟು ಎದ್ದು ನಿಲ್ಲಿ. ಕಲಿತದ್ದನ್ನು ಇವತ್ತೇ ಯಾರಾದರೊಬ್ಬರ ಮುಂದೆ ಮಾಡಿ ತೋರಿಸಿ. ಕೈಯಲ್ಲಿ ಕೆಲಸವಿದ್ದಾಗ ಮಾತ್ರ ವಿಡಿಯೊ ಬೇಡ. ಅಂಗಿಗೆ ಬಲತೋಳೂ ಬೇಕಲ್ಲ!