ಮಾತ್ರೆಯ ನಿದ್ದೆ

ಗಾಜಿನ ಬಾಗಿಲಿನಿಂದ ಇಳಿದ ಸಂಜೆಬಿಸಿಲು ನನ್ನ ಚಪ್ಪಲಿಯವರೆಗೆ ಹರಿದು ನಿಂತಿದೆ, ನೀರಿನ ಹಾಗೆ, ಅದರಲ್ಲಿ ಧೂಳು ತೇಲುತ್ತಿದೆ, ನಾನೂ ತೇಲುತ್ತಿದ್ದೇನೆ, ಎದುರಿನ ಆಪರೇಷನ್ ಕೋಣೆಯ ಬಾಗಿಲಾಚೆ ಅಣ್ಣನ ತಲೆ ತೆರೆದಿದ್ದಾರೆ — ಇದೇ ಅಣ್ಣ ಬೆಳಿಗ್ಗೆ ನನ್ನ ಔಷಧಿ ಅಂಗಡಿಗೆ ಬಂದು ಮೊಣಕೈಯೂರಿ ನಗುತ್ತಿದ್ದ, ಏಣಿ ಜಾರ್ತು ಕಣೇ, ಗೋಡೆಗೆ ಬಣ್ಣ ಹೊಡೀತಾ ನೆಲಕ್ಕೆ ನಾನೇ ಬಳ್ಕೊಂಡೆ, ತಲೆಗೇನಿಲ್ಲ, ಕತ್ತು ಹಿಡ್ಕೊಂಡಿದೆ ಅಷ್ಟೇ, ಏನಾದ್ರೂ ಕೊಡು, ಬಲಗಿವಿಯ ಹಿಂದೆ ಹಸಿರು ಬಣ್ಣ ಮೆತ್ತಿಕೊಂಡಿತ್ತು, ಅದರಡಿ ಊದಿದ್ದು ಕಾಣಿಸಿತ್ತೇ ನನಗೆ, ಕಾಣಿಸಿತ್ತು, ಡಾಕ್ಟರಿಗೆ ತೋರಿಸು ಎಂದೆ, ನೀನಿರೋವಾಗ ಇನ್ಯಾವ ಡಾಕ್ಟ್ರು ಬೇಕು ಎಂದ, ಹಾಗಂದರೆ ನಾನು ಉಬ್ಬಿಹೋಗುತ್ತೇನೆಂದು ಚಿಕ್ಕಂದಿನಿಂದ ಗೊತ್ತು ಅವನಿಗೆ, ಸ್ನಾಯು ಸಡಿಲಿಸುವ ಮಾತ್ರೆ ಎರಡು ಕತ್ತರಿಸಿ ಕೊಟ್ಟೆ, ನಿದ್ದೆ ಬರುತ್ತೆ, ಗಾಡಿ ಓಡಿಸ್ಬೇಡ, ಎಲ್ಲರಿಗೂ ಹೇಳುವ ಬಾಯಿಪಾಠ, ತಲೆಗೆ ಪೆಟ್ಟಾದವರಿಗೆ ಮಂಪರಿನ ಮಾತ್ರೆ ಕೂಡದು, ಪೆಟ್ಟಿನ ಮಂಪರು ಯಾವುದು, ಮಾತ್ರೆಯದು ಯಾವುದು ತಿಳಿಯದೆ ಹೋಗುತ್ತದೆ ಎಂದು ಓದಿದವಳೂ ನಾನೇ, ಪರೀಕ್ಷೆಯಲ್ಲಿ ಬರೆದವಳೂ ನಾನೇ. ಮಧ್ಯಾಹ್ನ ಫೋನ್ ಮಾಡಿದರೆ ಅತ್ತಿಗೆ ಪಿಸುದನಿಯಲ್ಲಿ, ಗೊರಕೆ ಹೊಡೀತಾ ಮಲಗಿದಾರೆ, ನಿನ್ನ ಮಾತ್ರೆ ಚೆನ್ನಾಗಿ ಕೆಲ್ಸ ಮಾಡ್ತು ನೋಡು, ಆ ಹೊಗಳಿಕೆಯೂ ಹಿತವಾಗಿತ್ತು, ಎರಡು ಕ್ಷಣ, ಆಮೇಲೆ — ಗೊರಕೆಯೇ, ಅಣ್ಣ ಯಾವತ್ತೂ ಗೊರಕೆ ಹೊಡೆದವನಲ್ಲ, ಅಂಗಡಿ ತೆರೆದೇ ಬಿಟ್ಟು ಅವರ ಮನೆಗೆ ಓಡಿದೆ, ಎಬ್ಬಿಸ್ಬೇಡ ಕಣೇ, ಪಾಪ, ಈಗ ತಾನೇ ನೋವು ಮರೆತಿದಾರೆ, ಅತ್ತಿಗೆ ತಡೆದರೂ ಭುಜ ಹಿಡಿದು ಅಲುಗಿಸಿದೆ, ಅಣ್ಣಾ, ಅಣ್ಣಾ, ರೆಪ್ಪೆಯೆತ್ತಿ ಟಾರ್ಚ್ ಬಿಟ್ಟೆ, ಎಡಗಣ್ಣಿನ ಪಾಪೆ ಸಾಸಿವೆಯಷ್ಟಾಯಿತು, ಬಲಗಣ್ಣಿನದು ಕುಗ್ಗಲೇ ಇಲ್ಲ, ಕಪ್ಪಗೆ, ಅಗಲವಾಗಿ, ತಲೆಯೊಳಗೆ ರಕ್ತ ಒತ್ತುತ್ತಿರುವ ಗುರುತು. ಮಾತ್ರೆಯ ವಿಷಯ ಇಲ್ಲಿಗೆ ಬಂದ ಕೂಡಲೇ ಡಾಕ್ಟರಿಗೆ ಹೇಳಿದೆ, ಅತ್ತಿಗೆಗೆ ಬಿಡಿಸಿ ಹೇಳಿಲ್ಲ, ಬಾಗಿಲು ತೆರೆಯುತ್ತಿದೆ, ಹಸಿರು ಟೊಪ್ಪಿಗೆಯ ಡಾಕ್ಟರು, ರಕ್ತ ಹೆಪ್ಪುಗಟ್ಟಿತ್ತು, ತೆಗ್ದಿದೀವಿ, ಉಳ್ಕೊತಾರೆ, ಇನ್ನರ್ಧ ಗಂಟೆ ತಡವಾಗಿದ್ರೆ ಕಷ್ಟ ಇತ್ತು, ಅತ್ತಿಗೆ ನನ್ನ ಎರಡೂ ಕೈ ಹಿಡಿದು ಅಳುತ್ತಿದ್ದಾರೆ, ನೀನಿದ್ದಿದ್ದಕ್ಕೆ ಉಳಿದ್ರು ಕಣೇ, ನೀನೇ ಉಳಿಸ್ದೆ, ಸುಮ್ಮನಿದ್ದುಬಿಡಬಹುದು, ಜೀವನಪೂರ್ತಿ ಉಳಿಸಿದವಳಾಗಿ ಇದ್ದುಬಿಡಬಹುದು, ಅತ್ತಿಗೆ, ಆ ಮಾತ್ರೆ ನಾನು ಕೊಡಬಾರದಿತ್ತು, ಅದರಿಂದಾನೇ ಅದು ಪೆಟ್ಟಿನ ಮಂಪರು ಅಂತ ನಿಮಗೆ ಗೊತ್ತಾಗ್ಲಿಲ್ಲ, ನನ್ನ ದನಿಯೇ, ಯಾರದೋ ದನಿಯಂತೆ, ಅವರ ಅಳು ನಿಂತಿದೆ, ಬೆರಳುಗಳು ನನ್ನ ಕೈಯಲ್ಲೇ ಇವೆ, ಹಿಡಿದೂ ಇಲ್ಲ, ಬಿಟ್ಟೂ ಇಲ್ಲ, ಒಬ್ಬೊಬ್ರೇ ಬನ್ನಿ ಎನ್ನುತ್ತಿದ್ದಾಳೆ ನರ್ಸು, ಏಳಬೇಕು, ಕಣ್ಣು ಮುಚ್ಚಿದರೆ ಆ ಬಲಗಣ್ಣು, ಟಾರ್ಚ್ ಹಿಡಿದೇ ಇದ್ದೇನೆ, ಕುಗ್ಗು, ಕುಗ್ಗು, ಬೆಳಕಿನಲ್ಲೂ ಕುಗ್ಗದ ಆ ಕಪ್ಪು, ಆ ಕಪ್ಪು —