ಪ್ಲೇಟು ಕಂಡ ಚುಕ್ಕೆಗಳು

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಅಂಜಿನಯ್ಯನಿಗೆ ೧೯೩೭ರ ಬೇಸಿಗೆಯಲ್ಲಿ ಮದರಾಸಿನಿಂದ ಹೊಸ ಫಿಲಂ ಬಂತು. ಅವನ ಹಳೆಯ ಗಾಜಿನ ಪ್ಲೇಟಿನಲ್ಲಿ ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ತುಟಿ ಕಪ್ಪು, ಕುಂಕುಮ ಕಪ್ಪು, ಸಂಡೂರಿನ ಕೆಂಪು ಗುಡ್ಡವಂತೂ ಇದ್ದಿಲ ರಾಶಿ. ಹೊಸ ಫಿಲಂ ಕೆಂಪಿಗೂ ಅದರದೇ ಬೂದು ಛಾಯೆ ಕೊಡುತ್ತದೆಂದು ಕೇಳಿದ್ದ. ಎರಡನ್ನೂ ಒಂದೇ ಮುಖದ ಮೇಲೆ ನೋಡಬೇಕೆಂದಿದ್ದ.

ಅಷ್ಟರಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯ ಅಂದಾನಪ್ಪ ಮಗಳು ಕೊಟ್ರಬಸಮ್ಮನನ್ನು ಕರೆತಂದ. ಐದು ದಿನಕ್ಕೆ ಅವಳ ಮದುವೆ. ಅಂಜಿನಯ್ಯ ಎರಡು ಪ್ಲೇಟು, ಒಂದು ಫಿಲಂ ತೆಗೆದ. ಹುಡುಗಿ ನಡುನಡುವೆ ಸೊಂಟ ಒತ್ತಿಕೊಳ್ಳುತ್ತಿದ್ದಳು.

“ಬಸ್ಸಿನ್ಯಾಗ ಕುಂತು ನೋಯಾಕತ್ತದ,” ಅಂದಳು.

ಮೊದಲ ಪ್ಲೇಟಿನ ಪ್ರಿಂಟಿನಲ್ಲಿ ಅವಳ ಹಣೆ, ಕೆನ್ನೆಯ ತುಂಬ ಸಾಸಿವೆಯಷ್ಟು ಕಪ್ಪು ಚುಕ್ಕೆಗಳಿದ್ದವು. ಪ್ಲೇಟು ತೊಳೆಯುವ ಡೆವಲಪರ್ ದ್ರಾವಣ ಕೆಟ್ಟಿದೆಯೆಂದು ಚೆಲ್ಲಿ, ಹೊಸದನ್ನು ಕಲಸಿ ಬಟ್ಟೆಯಲ್ಲಿ ಸೋಸಿದ. ಎರಡನೆಯ ಪ್ಲೇಟಿನಲ್ಲೂ ಅವೇ ಚುಕ್ಕೆಗಳು, ಅದೇ ಜಾಗದಲ್ಲಿ. ಸೀರೆಯ ಮೇಲೆ ಒಂದೂ ಇಲ್ಲ, ಹಿಂದಿನ ಪರದೆಯ ಮೇಲೂ ಇಲ್ಲ. ಫಿಲಂ ಅನ್ನು ಛಾಯೆ ಒರಟಾಗಿಸದ ಮೆದು ಡೆವಲಪರಿನಲ್ಲಿ ತೊಳೆದ. ಅದರಲ್ಲಿ ಒಂದೂ ಚುಕ್ಕೆಯಿಲ್ಲದೆ, ಕೆನ್ನೆಯ ಬೆಳಕು ಎಲ್ಲೂ ಕಡಿಯದೆ ನೆರಳಿಗೆ ಇಳಿದಿತ್ತು. ಅಂಥ ಪ್ರಿಂಟು ಅವನ ಕೈಯಿಂದ ಎಂದೂ ಬಂದಿರಲಿಲ್ಲ. ಆದರೂ ಖುಷಿಯಾಗಲಿಲ್ಲ.

ಕಣ್ಣಿಗೆ ಕಾಣದ ಯಾವುದೋ ಕೆಂಪು ಅವಳ ಚರ್ಮದಡಿ ಇದೆ. ಅದನ್ನು ಪ್ಲೇಟು ಕಪ್ಪು ಮಾಡಿ ತೋರಿಸಿದೆ ಎಂದು ಅವನಿಗೆ ಹೊಳೆಯಿತು. ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಸಿಡುಬು ಎದ್ದ ಸುದ್ದಿ ಅವನಿಗೆ ಗೊತ್ತಿತ್ತು; ಸಿಡುಬು ಏಳುವ ಮುಂಚೆ ಸೊಂಟ ನೋಯುತ್ತದೆಂಬುದೂ.

ಮರುದಿನ ಬೆಳಿಗ್ಗೆ ಚುಕ್ಕೆಗಳಿದ್ದ ಎರಡೂ ಪ್ರಿಂಟು ಹಿಡಿದು ಕಂಪ್ಲಿಗೆ ಹೋದ.

“ಇದನ್ನ ಹರದು ಹಾಕ್ರಿ,” ಅಂದ ಅಂದಾನಪ್ಪ. “ಮದುವಿ ಮನಿಗೆ ಇಂಥಾದ್ದು ತರ್ತಾರೇನು? ಅಕಿ ಮಾರಿ ನೋಡ್ರಿ. ಒಂದಾರ ಚುಕ್ಕಿ ಐತಾ?”

ಇರಲಿಲ್ಲ. “ಆದ್ರೂ ಡಾಕ್ಟರ್‌ನ ಕರಸ್ರಿ,” ಎಂದ ಅಂಜಿನಯ್ಯ.

ಕೊಟ್ರಬಸಮ್ಮ ತಂದೆಯ ಕೈಯಿಂದ ಪ್ರಿಂಟು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಜಡೆ ಹಾಕಿಸಿಕೊಳ್ಳಲು ಬಂದ ತಂಗಿ ಪಂಪಮ್ಮನನ್ನು ಕೈಯೆತ್ತಿ ತಡೆದಳು.

“ನನ್ನ ಹತ್ರ ಬರಬ್ಯಾಡ. ಅಪ್ಪಾ, ನಿನ್ನೆಯಿಂದ ಮೈ ಸುಡಾಕತ್ತದ. ಮದುವಿ ನಿಲ್ತದಂತ ಹೇಳಲಿಲ್ಲ.”

ಹಿತ್ತಲಿನ ಹೊಟ್ಟಿನ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು. ಅಂದಾನಪ್ಪ ಬಾಗಿಲು ಬಡಿದ, ಬೈದ, ಕಡೆಗೆ ಅಲ್ಲೇ ಕುಸಿದು ಕುಳಿತ. ಅವಳು ತೆಗೆಯಲಿಲ್ಲ.

ಎರಡನೆಯ ದಿನ ಗುಳ್ಳೆ ಎದ್ದವು. ಡಾಕ್ಟರು ಬಂದು ಓಣಿಗೆಲ್ಲ ದೇವಿ ಲಸಿಕೆ ಹಾಕಿಸಿದರು. ಹಿಂದೊಮ್ಮೆ ಸಿಡುಬು ಬಂದು ಉಳಿದಿದ್ದ ಮುದುಕಿ ಜಂಬವ್ವ ಮಾತ್ರ ಒಳಗೆ ಹೋಗಿ ಗಂಜಿ ಕುಡಿಸುತ್ತಿದ್ದಳು. ಮದುವೆಯ ದಿನ ಚಪ್ಪರದಡಿ ಯಾರೂ ಇರಲಿಲ್ಲ. ಕೋಣೆಯೊಳಗಿನ ನರಳಾಟ ಬೀದಿಯವರೆಗೆ ಕೇಳುತ್ತಿತ್ತು.

ತಿಂಗಳಾದ ಮೇಲೆ ಕೊಟ್ರಬಸಮ್ಮ ಹೊರಬಂದಳು. ಒಂದು ಕಣ್ಣು ಹೋಗಿತ್ತು. ಆ ಮನೆಯಲ್ಲಿ ಬೇರೆ ಯಾರಿಗೂ ಬೇನೆ ತಗುಲಿರಲಿಲ್ಲ. ಪಂಪಮ್ಮ ಓಡಿಬಂದು ಅವಳ ಕೈ ಹಿಡಿದುಕೊಂಡಳು.