ಮೊದಲನೆಯ ಎಲೆ

ರಾಮನಗರ ಸೀಮೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ತಿಪ್ಪಸಂದ್ರದ ಬೀಗರೂಟದಲ್ಲಿ ಕೈಲಾಂಚದ ಬಾಲರಾಜುವನ್ನು ಬಾಳೆಲೆಯ ಮುಂದಿನಿಂದ ಎಬ್ಬಿಸಿದ ಸಂಗತಿಗೆ ಒಂದು ಅಧ್ಯಾಯವನ್ನಾದರೂ ಬಿಡಬೇಕಾಗುತ್ತದೆ. ರಾಜ್ಯಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಮುಳುಗಿವೆ. ಇಲ್ಲಿ ಯಾವ ರಾಜ್ಯವೂ ಇರಲಿಲ್ಲವಾದ್ದರಿಂದ ಒಂದು ಟ್ರ್ಯಾಕ್ಟರ್ ಎದ್ದು ನಿಂತಿತು.

ನಡೆದದ್ದು ಇಷ್ಟು. ಮದುವೆ ಮುಗಿದ ಮಾರನೆಯ ದಿನದ ಬಾಡೂಟ. ಬಾಲರಾಜು ತನ್ನ ಅಪ್ಪನ ಕಾಲದ ಟ್ರ್ಯಾಕ್ಟರಿನ ಹಿಂದೆ ಟ್ರೈಲರ್ ಕಟ್ಟಿಕೊಂಡು, ಅದರ ತುಂಬ ನೆಂಟರನ್ನು ತುಂಬಿಕೊಂಡು ಬಂದು ಮೊದಲನೇ ಪಂಕ್ತಿಯಲ್ಲೇ ಜಾಗ ಹಿಡಿದಿದ್ದ. ಎಲೆಗೆ ನೀರು ಚಿಮುಕಿಸಿ ಒರೆಸಿ ಆಗಿತ್ತು. ಈರುಳ್ಳಿ, ಸೌತೆಕಾಯಿ, ನಿಂಬೆಹಣ್ಣಿನ ಹೋಳು ಬಿದ್ದಿದ್ದವು. ಹೊಗೆಯಾಡುವ ಮುದ್ದೆ ಬಂದು ಕೂತಿತ್ತು. ತಲೆಮಾಂಸದ ಬಕೆಟ್ಟು ನಾಲ್ಕು ಎಲೆಯಾಚೆ ಬರುತ್ತಿತ್ತು. ಆಗ ಹೆಗಲ ಮೇಲೊಂದು ಕೈ ಬಿತ್ತು.

"ಭಾವ, ಒಸಿ ಎದ್ದೇಳಿ. ನಿಮ್ ಗಾಡಿ ಅಡ್ಡ ನಿಂತೈತೆ. ನನ್ ಕಾರು ಬಿಸ್ಲಲ್ಲಿ ಬೇಯ್ತಾ ಐತೆ."

ಕೈ ಕೂಟಗಲ್ಲಿನ ಜಯಕುಮಾರನದು. ಬಾಲರಾಜುವಿನ ಹೆಂಡತಿ ಲತಾಮಣಿಗೆ ದೊಡ್ಡಪ್ಪನ ಮಗ. ಎರಡು ಟಿಪ್ಪರ್ ಲಾರಿ, ಒಂದು ಹೊಸ ಅರವತ್ತು ಎಚ್‌ಪಿ ಟ್ರ್ಯಾಕ್ಟರ್ ಮತ್ತು ಎಲ್ಲರಿಗೂ ಕೇಳಿಸುವಂಥ ನಗು ಇದ್ದ ಮನುಷ್ಯ.

"ಉಣ್ಣಕ್ ಕುಂತಿದ್ದೀನಲ್ಲ ಭಾವ."

"ಇನ್ನೂ ಎಲೆ ಎಂಜಲಾಗಿಲ್ವಲ್ಲ. ಹೋಗ್ ಬನ್ನಿ, ಎಲೆ ಎಲ್ಲೋಯ್ತದೆ?"

ಬಾಲರಾಜು ಎದ್ದು ಹೋಗಿ, ಟ್ರೈಲರನ್ನು ಹಿಂದೆ ಮುಂದೆ ಮಾಡಿ ಪಕ್ಕಕ್ಕೆ ಹಾಕಿ ಬಂದ. ಎಲೆ ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇತ್ತು. ಅದರ ಮುಂದೆ ಜಯಕುಮಾರ ಕೂತಿದ್ದ.

"ನಿಮ್ ಎಲೆ ತಣ್ಣಗಾಯ್ತಿತ್ತು ಅಂತ ನಾನೇ ಕುಂತ್ಕಂಡೆ ಭಾವ. ಆ ಡಬ್ಬಾ ತಿರುಗೋ ಹೊತ್ಗೆ ಈ ಮದ್ವೆ ಹುಡ್ಗೀದು ಬಾಣಂತನನೇ ಆಗೋಯ್ತದೆ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಾಲರಾಜು ಎರಡನೇ ಪಂಕ್ತಿಯಲ್ಲಿ ಉಂಡ. ಅಷ್ಟು ಹೊತ್ತಿಗೆ ಹಂಡೆಯಲ್ಲಿ ಉಳಿದಿದ್ದು ಸಾರು. ಅದರಲ್ಲಿ ಕುರಿ ಈಜಿ ದಡ ಸೇರಿಕೊಂಡಿದ್ದರ ಗುರುತು ಮಾತ್ರ ಇತ್ತು.

"ಒಂದು ತುಂಡು ಬಾಡ್ಗೆ ಇಷ್ಟೊಂದು ಮೊಕ ಊದಿಸ್ಕಬೇಕಾ?" ಎಂದಳು ಲತಾಮಣಿ, ಮನೆಗೆ ಬರುವ ದಾರಿಯಲ್ಲಿ.

"ಬಾಡಲ್ಲ ಕಣೆ. ಎಲೆ."

ಬಾಲರಾಜು ಸಿಟ್ಟನ್ನು ಕೂಗಾಡಿ ಕಳೆದುಕೊಳ್ಳುವ ಜಾತಿಯವನಲ್ಲ. ಹಸುವಿನ ಹಾಗೆ ನುಂಗಿಟ್ಟುಕೊಂಡು, ಬಿಡುವಾದಾಗ ಮೇಲಕ್ಕೆ ತಂದು ಮೆಲುಕು ಹಾಕುವವನು. ಹಿಪ್ಪುನೇರಳೆ ಸೊಪ್ಪು ಕುಯ್ಯುವಾಗ, ಡೈರಿಗೆ ಹಾಲು ಹಾಕುವಾಗ ಮೆಲುಕು ಹಾಕಿದ. ಯುಗಾದಿ, ಗೌರಿಹಬ್ಬ, ದೀಪಾವಳಿಗಳಲ್ಲಿ ಮನೆಯ ಎಲೆಯ ಮುಂದೆ ಕೂತಾಗಲಂತೂ ವಿಶೇಷವಾಗಿ ಮೆಲುಕು ಹಾಕಿದ.

ಸೇಡಿಗೆ ಒಂದು ಜಾಗವಿತ್ತು. ಸಂಕ್ರಾಂತಿ ಕಳೆದ ಭಾನುವಾರ ಕೂಟಗಲ್ಲಿನ ಯುವಕರ ಸಂಘದವರು ರಾಗಿ ಕುಯ್ದ ಹೊಲದಲ್ಲಿ ಟ್ರ್ಯಾಕ್ಟರ್ ಎಳೆಯುವ ಪಂದ್ಯ ನಡೆಸುತ್ತಿದ್ದರು. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ನಡುವೆ ಸರಪಳಿ ಕಟ್ಟುವುದು. ಯಾವುದು ಇನ್ನೊಂದನ್ನು ಸುಣ್ಣದ ಗೆರೆಯಿಂದೀಚೆಗೆ ಎಳೆಯುತ್ತದೋ ಅದು ಗೆದ್ದಂತೆ. ಗೆದ್ದವನಿಗೆ ಒಂದು ಕಪ್ಪು, ಆಮೇಲೆ ನಡೆಯುವ ಬಾಡೂಟದಲ್ಲಿ ಮೊದಲನೆಯ ಎಲೆ. ಕಪ್ಪು ಅಟ್ಟದಲ್ಲಿ ಧೂಳು ತಿನ್ನುತ್ತದೆ. ಎಲೆಯ ಮಾತೇ ಬೇರೆ. ಮೊದಲನೆಯ ಸೌಟು ಬೀಳುವುದು ಅಲ್ಲಿಗೆ. ಅಲ್ಲಿ ಕೂತವನು 'ಹಾಕು' ಎಂದು ತೋರಿಸಿದವರಿಗೆ ಬಡಿಸುವವರು ಹಾಕಬೇಕು. ಅವನು ಏಳುವವರೆಗೂ ಪಂಕ್ತಿ ಏಳುವಂತಿಲ್ಲ. ಎರಡು ವರ್ಷದಿಂದ ಆ ಎಲೆಯ ಮುಂದೆ ಜಯಕುಮಾರನೇ ಕೂರುತ್ತಿದ್ದ. ಈ ಸಲವೂ ತಾನೇ ಎಂಬ ಭರವಸೆಯಲ್ಲಿ, ಊಟದ ಕುರಿಗಳೆಲ್ಲ ತನ್ನ ಲೆಕ್ಕಕ್ಕೇ ಇರಲಿ ಎಂದು ಸಂಘದವರಿಗೆ ಹೇಳಿಬಿಟ್ಟಿದ್ದ.

"ಅವ್ನನ್ನ ಆ ಎಲೆ ಮುಂದಿಂದ ಎಬ್ಬಿಸ್ಬೇಕು. ನಾನು ಕುಂತು ತಲೆಮಾಂಸ ಉಣ್ಬೇಕು. ಆಮ್ಯಾಕೆ ಸತ್ರೂ ಚಿಂತಿಲ್ಲ," ಎಂದು ಬಾಲರಾಜು ರಾಮನಗರದ ಮೆಕ್ಯಾನಿಕ್ ಬಿಸ್ಮಿಲ್ಲಾನಿಗೆ ಹೇಳಿದ.

ಬಿಸ್ಮಿಲ್ಲಾ ಟ್ರ್ಯಾಕ್ಟರನ್ನು ಒಂದು ಸುತ್ತು ಬಂದು, ಟೈರಿಗೆ ಕಾಲಿನಿಂದ ಒದ್ದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ಬಾಲಣ್ಣ, ಇದ್ಕೆ ಮೂವತ್ತೈದು ಎಚ್‌ಪಿ ಅಂತ ಬರ್ದವ್ರೆ. ಅದು ನಿಮ್ಮಪ್ಪ ತಂದಾಗ. ಈಗ ಅದ್ರಾಗೆ ಎಷ್ಟು ಸತ್ತೋಗೈತೋ ಅಲ್ಲಾನೇ ಬಲ್ಲ."

"ಹೊಸಾದು ತಗಳಕ್ ಆಯ್ತದಾ?"

"ಕಾಸು ಎಷ್ಟೈತೆ?"

"ಹಳೇ ಟ್ರೈಲರ್ ಗುಜರಿಗೆ ಹಾಕಿದ್ರೆ ಎಷ್ಟು ಬತ್ತದೋ ಅಷ್ಟು. ರೇಷ್ಮೆಗೂಡಿನ ದುಡ್ಡು ಮುಟ್ಟಿದ್ರೆ ಲತಾ ನನ್ನೇ ಗುಜರಿಗೆ ಹಾಕ್ತಾಳೆ."

ಹೀಗೆ ನೆಂಟರನ್ನು ಹೊತ್ತು ಅಪಮಾನಕ್ಕೆ ಕಾರಣವಾಗಿದ್ದ ಟ್ರೈಲರು ಗುಜರಿಗೆ ಹೋಗಿ, ಹೊಸ ಕ್ಲಚ್ ಪ್ಲೇಟಾಗಿ, ಚನ್ನಪಟ್ಟಣದಲ್ಲಿ ಹೊಸ ರಬ್ಬರು ಕೂರಿಸಿ ರೀಸೋಲ್ ಮಾಡಿದ ಎರಡು ದೊಡ್ಡ ಟೈರುಗಳಾಗಿ ಮರುಜನ್ಮ ಪಡೆಯಿತು. ಇಂಜಿನ್ನಿಗೆ ಬಿಸ್ಮಿಲ್ಲಾ ಹೆಚ್ಚೇನೂ ಮಾಡಲಿಲ್ಲ; ನಾಜಲ್ ಬಿಚ್ಚಿ ತೊಳೆದ, ಪಂಪು ಸರಿಮಾಡಿದ, ಏರ್ ಫಿಲ್ಟರಿನಲ್ಲಿ ಸಂಸಾರ ಹೂಡಿದ್ದ ಇಲಿಯನ್ನು ಒಕ್ಕಲೆಬ್ಬಿಸಿದ. ಜಗಳವೆಲ್ಲ ನೆಲದ ಜೊತೆಗೆ ಎಂಬುದು ಅವನ ವಾದ. ಟೈರು ಮಣ್ಣು ಕಚ್ಚದಿದ್ದರೆ ಎಷ್ಟು ಎಚ್‌ಪಿ ಇದ್ದರೂ ಅದು ಕೂತಲ್ಲೇ ಬಾವಿ ತೋಡುವ ಯಂತ್ರವಷ್ಟೆ. ಆದ್ದರಿಂದ ಹಿಂದಿನ ಟೈರುಗಳಿಗೆ ತೂಕ ಬರಲೆಂದು ಗಾಳಿಯ ಬದಲು ಮುಕ್ಕಾಲು ಪಾಲು ನೀರು ತುಂಬಿಸಿದರು. ಟೈರಿನ ಹಲ್ಲುಗಳ ಅಂಚನ್ನು ಬಾಲರಾಜು ಜಗಲಿಯ ಮೇಲೆ ಕೂತು ಗರಗಸದಲ್ಲಿ ಒಂದೊಂದಾಗಿ ಚೂಪು ಮಾಡಿದ. ಒಂದೊಂದು ಹಲ್ಲಿಗೂ ಜಯಕುಮಾರನ ಹೆಸರಿಟ್ಟು ಕುಯ್ಯುತ್ತಿದ್ದ ಎಂದು ಲತಾಮಣಿ ನೆರೆಯವರಿಗೆ ಹೇಳಿದಳು.

ಮೊದಲನೆಯ ಪರೀಕ್ಷೆ ಹಿತ್ತಲ ಹುಣಸೇಮರಕ್ಕೆ ಸರಪಳಿ ಕಟ್ಟಿ ನಡೆಯಿತು. ಮರ ಅಲ್ಲೇ ಇತ್ತು. ಟ್ರ್ಯಾಕ್ಟರಿನ ಮೂತಿ ಮಾತ್ರ ಹೆದರಿದ ಕುದುರೆಯಂತೆ ಆಕಾಶಕ್ಕೆದ್ದಿತು. ಬಾಲರಾಜು ಕ್ಲಚ್ ತುಳಿಯುವುದು ಒಂದು ಉಸಿರು ತಡವಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಮುಂದ್ಗಡೆ ತೂಕ ಸಾಲ್ದು," ಎಂದ ಬಿಸ್ಮಿಲ್ಲಾ, ಓಡಿಹೋಗಿ ನಿಂತಿದ್ದ ಬೇಲಿಯಾಚೆಯಿಂದ. "ಕಂಪ್ನೀದು ಕಬ್ಬಿಣದ ತೂಕ ಬತ್ತದೆ. ಕಾಸು..."

"ಕಾಸಿನ ಮಾತು ಬುಡು."

ಬಾಲರಾಜು ಸುತ್ತ ನೋಡಿದ. ದನದ ಕೊಟ್ಟಿಗೆಯ ಮೂಲೆಯಲ್ಲಿ ಅವ್ವನ ರಾಗಿ ಬೀಸುವ ಕಲ್ಲು ಬಿದ್ದಿತ್ತು. ಮಿಕ್ಸಿ ಮತ್ತು ಫ್ಲೋರ್ ಮಿಲ್ಲು ಬಂದ ಮೇಲೆ ಕೈಲಾಂಚದ ಪ್ರತಿ ಹಿತ್ತಲಿನಲ್ಲೂ ಒಂದು ಬೀಸುಕಲ್ಲು, ಒಂದು ರುಬ್ಬುಗುಂಡು ಹೀಗೆ ಪಿಂಚಣಿ ಇಲ್ಲದೆ ನಿವೃತ್ತವಾಗಿದ್ದವು. ನಡುವೆ ತೂತು ಬೇರೆ ಇತ್ತು. ಕಬ್ಬಿಣದ ಸಲಾಕೆಗೆ ಪೋಣಿಸಿ ಮೂತಿಗೆ ಬಿಗಿದರೆ ಆಯಿತು.

"ಅದು ನಮ್ಮತ್ತೆ ಕಲ್ಲು ಕಣ್ಲಾ!" ಎಂದು ಅವನ ತಾಯಿ ಮಾಯಮ್ಮ ಅಡ್ಡ ನಿಂತಳು.

"ನಿಮ್ಮತ್ತೆ ನಿನ್ ಕೈಲಿ ಜೀವ ಪೂರಾ ಬೀಸಿಸಿದ್ಲು ಅಂತ ನೀನೇ ಬೈತಿದ್ದೆ."

"ಬೈಯೋದು ಬ್ಯಾರೆ, ಕೊಡೋದು ಬ್ಯಾರೆ. ಯಾತಕ್ಲಾ?"

"ಜಯಕುಮಾರನ್ನ ಎಲೆ ಮುಂದಿಂದ ಎಬ್ಬಿಸಕ್ಕೆ."

ಮಾಯಮ್ಮ ಪಕ್ಕಕ್ಕೆ ಸರಿದಳು. ಎಲೆಯ ಮುಂದಿನಿಂದ ಏಳಿಸಿಕೊಂಡವನು ಅವಳ ಮಗ. "ತಗಂಡೋಗು," ಎಂದಳು. "ತಿಮ್ಮಪ್ಪಂಗೆ ಒಂದು ಹರಕೆನೂ ಕಟ್ಕತೀನಿ."

"ಏನಂತವ್ವಾ?"

"ಮುಂಚೆನೇ ಬಾಯ್ಬುಟ್ರೆ ಹರಕೆ ಫಲಿಸಕಿಲ್ಲ. ಗೆಲ್ಲು, ಹೇಳ್ತೀನಿ."

ತಿಮ್ಮಪ್ಪನೆಂದರೆ ಮುಡಿ ಕೊಡುವುದೇ ಇರಬೇಕು ಎಂದು ಬಾಲರಾಜು ಅಂದುಕೊಂಡ. ತಲೆಯ ಮೇಲೆ ಉಳಿದಿದ್ದ ಕೂದಲಿನ ಮಟ್ಟಿಗೆ ಅದು ಅಗ್ಗದ ಹರಕೆ. ಅವನ ಬಜೆಟ್ಟಿಗೆ ಒಗ್ಗುತ್ತಿತ್ತು.

ಸುದ್ದಿ ಹರಡಿ ಬೀದಿಯ ಹೆಂಗಸರೆಲ್ಲ ತಮ್ಮ ಕಲ್ಲುಗಳನ್ನು ಕಡ ಕೊಟ್ಟರು. ವಾಪಸು ಬರುವಾಗ ಅದಲು ಬದಲಾಗಬಾರದೆಂದು ಅಂಬುಜಮ್ಮ ತನ್ನ ಕಲ್ಲಿಗೆ ಅರಿಶಿನ ಬಳಿದಳು, ಪಕ್ಕದ ಮನೆಯವಳು ಸುಣ್ಣ ಬಳಿದಳು. ಟ್ರ್ಯಾಕ್ಟರಿನ ಮೂತಿ ಮದುವೆಗೆ ಹೊರಟ ಮುದುಕನ ಹಾಗೆ ಕಾಣತೊಡಗಿತು. ಹುಣಸೇಮರಕ್ಕೆ ಮತ್ತೆ ಕಟ್ಟಿದಾಗ ಮೂತಿ ಏಳಲಿಲ್ಲ. ಮರ ಒಂದು ಸಲ ನಿಟ್ಟುಸಿರು ಬಿಟ್ಟಿತು.

ಪಂದ್ಯದ ದಿನ ಕೈಲಾಂಚದ ಹೆಂಗಸರು ಒಂದು ಗೂಡ್ಸ್ ಆಟೋ ಮಾಡಿಕೊಂಡು ಬಂದರು. ಅವರ ಮಟ್ಟಿಗೆ ಅದು ಟ್ರ್ಯಾಕ್ಟರುಗಳ ಪಂದ್ಯವಲ್ಲ, ಕಲ್ಲುಗಳ ಕ್ಷೇಮಸಮಾಚಾರ.

ಬಾಲರಾಜು ಬೆಳಗಿನ ಎರಡು ಸುತ್ತುಗಳನ್ನು ಯಾರೂ ಗಮನಿಸದ ಹಾಗೆ ಗೆದ್ದ. ಕೊನೆಗೆ ಅವನೂ ಜಯಕುಮಾರನೂ ಉಳಿದರು. ಜಯಕುಮಾರನ ಟ್ರ್ಯಾಕ್ಟರು ತೊಳೆದು, ಮೇಣ ತಿಕ್ಕಿ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಬಂದಿತ್ತು. ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ಕಿತ್ತಿರಲಿಲ್ಲ. ಮುಂದೆ ಒಂದೆರಡು ಮರಳಿನ ಮೂಟೆ ಕಟ್ಟೋಣ ಎಂದು ಅವನ ಡ್ರೈವರು ಹೇಳಿದ್ದಕ್ಕೆ, "ಶೋ ಹಾಳಾಯ್ತದೆ ಕಣ್ಲಾ" ಎಂದು ಬೈಸಿಕೊಂಡಿದ್ದ.

"ಏನ್ ಭಾವ," ಎಂದ ಜಯಕುಮಾರ, ನಾಲ್ಕೂರಿಗೆ ಕೇಳುವಂತೆ. "ಅಡುಗೆಮನೆನೇ ಕಿತ್ಕಂಡ್ ಬಂದ್ಬುಟ್ಟಿದ್ದೀರಿ? ಒರಳು ಎಲ್ಲಿ ಮರೆತ್ರಿ?"

"ಒರಳು ಮನೇಲೈತೆ ಭಾವ. ಸೋತ ಮ್ಯಾಲೆ ತಲೆ ಕೊಡೀರಂತೆ."

ಸಂಘದವರು ಸೀಟಿ ಊದಿದರು. ಜಯಕುಮಾರ ಆಕ್ಸಿಲರೇಟರನ್ನು ಒಂದೇ ಸಲ ಕೆಳಗಿನವರೆಗೂ ತುಳಿದ. ಹೊಸ ಟ್ರ್ಯಾಕ್ಟರು ಗರ್ಜಿಸಿತು, ಅದರ ಚಕ್ರಗಳು ತಿರುಗಿದವು, ಮಣ್ಣು ಹಿಂದಕ್ಕೆ ಹಾರಿ ಬಾಲರಾಜುವಿನ ಬೆನ್ನಿಗೆ ಬಡಿಯಿತು. ಜನ ಕೇಕೆ ಹಾಕಿದರು. ಬಾಲರಾಜು ಲೋ ಗೇರಿನಲ್ಲಿ, ಇಂಜಿನ್ನನ್ನು ಒಂದೇ ದನಿಯಲ್ಲಿ ಇಟ್ಟುಕೊಂಡು, ಕ್ಲಚ್ಚನ್ನು ಮೊಟ್ಟೆಯ ಮೇಲಿನಿಂದ ಕಾಲು ತೆಗೆದ ಹಾಗೆ ಬಿಟ್ಟ. ಸರಪಳಿ ಬಿಗಿಯಿತು. ಇತ್ತ ಕೈಲಾಂಚದ ಬೀಸುಕಲ್ಲುಗಳು ಒಂದಕ್ಕೊಂದು ಹಲ್ಲು ಕಡಿದು ಕೂತವು. ಹಲ್ಲು ಚೂಪಾದ ಟೈರುಗಳು ಮಣ್ಣು ಕಚ್ಚಿದವು, ಬಿಡಲಿಲ್ಲ. ಅತ್ತ ಅರವತ್ತು ಎಚ್‌ಪಿಯೂ ಸೇರಿ ತನ್ನ ಹಿಂಚಕ್ರಗಳ ಅಡಿಯಲ್ಲಿ ಎರಡು ಹೊಂಡ ತೋಡುತ್ತಿತ್ತು.

"ನಿಧಾನ ಬಾಲಣ್ಣ, ನಿಧಾನ! ಬೀಗರ ಮನೇಲಿ ಉಣ್ಣೋ ಹಂಗೆ!" ಎಂದು ಬಿಸ್ಮಿಲ್ಲಾ ಕೂಗಿದ.

ಜಯಕುಮಾರನ ಟ್ರ್ಯಾಕ್ಟರು ಗರ್ಜಿಸುತ್ತಲೇ, ಹಾರ ಕುಣಿಸುತ್ತಲೇ, ಹಿಂದಕ್ಕೆ ಹಿಂದಕ್ಕೆ ಬಂದು ಸುಣ್ಣದ ಗೆರೆ ದಾಟಿ, ಗೆರೆಯಾಚೆ ಹೊಸದೊಂದು ಹೊಂಡ ತೋಡಿಕೊಂಡು ಆಕ್ಸಲ್ಲಿನವರೆಗೂ ಕೂತಿತು.

ಊಟದ ಪೆಂಡಾಲಿನಲ್ಲಿ ಬಾಲರಾಜು ಕೈ ತೊಳೆದು ಬರುವಷ್ಟರಲ್ಲಿ ಜಯಕುಮಾರ ಮೊದಲನೆಯ ಎಲೆಯ ಮುಂದೆ ಕೂತಿದ್ದ. ಅಭ್ಯಾಸಬಲವೋ, ಕುರಿ ತನ್ನದೆಂಬ ಹಕ್ಕೋ. ಸಂಘದವರು ಮುಖ ಮುಖ ನೋಡಿಕೊಂಡರು. ಬಾಲರಾಜು ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟ. ಈ ಮಾತನ್ನು ಅವನು ಹೆಚ್ಚು ಕಡಿಮೆ ಒಂದು ವರ್ಷ ಬಾಯಿಪಾಠ ಮಾಡಿದ್ದ.

"ಭಾವ, ಒಸಿ ಎದ್ದೇಳಿ. ನಿಮ್ ಗಾಡಿ ಗುಂಡೀಲಿ ನಿಂತೈತೆ. ಬಿಸ್ಲಲ್ಲಿ ಬೇಯ್ತಾ ಐತೆ."

"ಆಮ್ಯಾಲ್ ತೆಗುದ್ರಾಯ್ತು ಬುಡಿ ಭಾವ."

"ಹೋಗ್ ಬನ್ನಿ. ಎಲೆ ಎಲ್ಲೋಯ್ತದೆ?"

ಪಂಕ್ತಿ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ತಿಪ್ಪಸಂದ್ರದಲ್ಲೂ ನಕ್ಕಿದ್ದವರೇ, ಪಂಕ್ತಿಗೆ ಪಕ್ಷವಿಲ್ಲ. ಜಯಕುಮಾರ ಎದ್ದ.

ಬಾಲರಾಜು ಕೂತ. ಪಕ್ಕದಲ್ಲಿ ಬಿಸ್ಮಿಲ್ಲಾ, ಕುರಿಯನ್ನು ಹಲಾಲ್ ಮಾಡಿ ಕುಯ್ದವನು ತನ್ನ ಷಡ್ಡಕನೇ ಎಂದು ವಿಚಾರಿಸಿಕೊಂಡು, ನಿಶ್ಚಿಂತೆಯಿಂದ ಕೂತಿದ್ದ. ಮುದ್ದೆ ಬಿತ್ತು. ತಲೆಮಾಂಸದ ಬಕೆಟ್ಟು ಬಂತು. ಸೌಟು ಎಲೆಯ ಮೇಲೆ ಬಾಗುವುದಕ್ಕೂ ಹೆಂಗಸರ ಕಡೆಯಿಂದ ಮಾಯಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬರುವುದಕ್ಕೂ ಸರಿಹೋಯಿತು.

"ಹಾಕ್ಬ್ಯಾಡ! ಹಾಕ್ಬ್ಯಾಡ ಕಣಪ್ಪ! ಹರಕೆ ಐತೆ!"

"ಏನವ್ವಾ ಹರಕೆ?" ಬಾಲರಾಜುವಿನ ಕೈ ಗಾಳಿಯಲ್ಲೇ ನಿಂತಿತು.

"ನನ್ ಮಗ ಗೆದ್ರೆ ಆ ಗಳಿಗೆಯಿಂದ ಒಂದು ವರ್ಸ ಬಾಡು ಮುಟ್ಟಕಿಲ್ಲ ಅಂತ ತಿಮ್ಮಪ್ಪಂಗೆ ಹೇಳ್ಕಂಡಿವ್ನಿ."

"ಅವ್ವಾ! ಮುಡಿ ಗಿಡಿ ಅನ್ಬಾರ್ದಾಗಿತ್ತಾ?"

"ಆ ಕೂದ್ಲು ತಗಂಡು ದ್ಯಾವ್ರು ಏನ್ ಮಾಡ್ಯಾನು? ಪ್ರಾಣದಂಗಿರೋದ್ನ ಒಪ್ಪಿಸಿದ್ರೆ ತಾನೆ ಅವ್ನು ಕಣ್ ಬುಡೋದು? ಬುಟ್ಟನಲ್ಲ!"

ಪೆಂಡಾಲು ಹೊಟ್ಟೆ ಹಿಡಿದುಕೊಂಡಿತು. ಅಷ್ಟರಲ್ಲಿ ಜಯಕುಮಾರ ಟ್ರ್ಯಾಕ್ಟರನ್ನು ಡ್ರೈವರಿಗೆ ಬಿಟ್ಟು ಬಂದು, ಮುಂದಿನ ಪಂಕ್ತಿಗೆ ಜಾಗ ಹಿಡಿಯುವವರು ನಿಲ್ಲುವ ಹಾಗೆ, ಬಾಲರಾಜುವಿನ ಬೆನ್ನ ಹಿಂದೆಯೇ ನಿಂತಿದ್ದ.

"ಹಂಗಾರೆ ಎದ್ದೇಳಿ ಭಾವ," ಎಂದ ಮೆಲ್ಲಗೆ. "ನಿಮ್ ಎಲೆ ತಣ್ಣಗಾಯ್ತದೆ."

ಬಾಲರಾಜು ತಲೆಮಾಂಸದ ಬಕೆಟ್ಟನ್ನು ನೋಡಿದ. ಅವ್ವನನ್ನು ನೋಡಿದ. ಆಮೇಲೆ ಅವನು ಪಂಕ್ತಿಯ ಉದ್ದಕ್ಕೂ ಕಣ್ಣಾಡಿಸಿದ. ಬಾಡು ಬಿದ್ದ ಎಲೆಗಳು, ತನ್ನತ್ತ ತಿರುಗಿದ ಮುಖಗಳು. ಅವನ ಮುಖದಲ್ಲಿ ನಿಧಾನವಾಗಿ ಒಂದು ಶಾಂತಿ ಹರಡಿತು.

"ನಂಗೆ ಒಸಿ ಅನ್ನ ಹಾಕಪ್ಪ. ಮೊಸರು ಐತಾ? ತತ್ತಾ. ನನ್ ಪಾಲು ಬಿಸ್ಮಿಲ್ಲಾಗೆ ಹಾಕು."

ಅನ್ನ ಬಂತು. ಬಾಲರಾಜು ಅದನ್ನು ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಜಾಗ್ರತೆಯಲ್ಲಿ ಎಲೆಯ ಮೇಲೆ ಹರಡಿದ. ಒಂದು ತುತ್ತು ಉಂಡ. ನೀರು ಕುಡಿದ.

"ಅಣ್ಣಂಗೆ ಇನ್ನೊಂದ್ ಸೌಟು ಹಾಕು. ಅಗೋ, ಆ ಯಜಮಾನ್ರ ಎಲೆ ಖಾಲಿ. ಬೋಟಿ ಈ ಕಡೆ ಬರ್ಲಿಲ್ವಲ್ಲ?"

"ಸಾಕು ಬಾಲಣ್ಣ," ಎಂದ ಬಿಸ್ಮಿಲ್ಲಾ, ಬೆವರುತ್ತ.

"ಸಾಕು ಅನ್ಬ್ಯಾಡ ಕಣ್ಲಾ. ಭಾವನ ಕುರಿ. ಬೇಜಾರ್ ಮಾಡ್ಕತಾರೆ. ಹಾಕಪ್ಪ, ಎಲ್ರಿಗೂ ಇನ್ನೊಂದು ಸುತ್ತು!"

ಗೆದ್ದವನ ಮಾತು, ಬಡಿಸುವವರು ಬಡಿಸಿದರು. ಉಣ್ಣುವವರು ಸೊಂಟದ ಉಡಿದಾರ ಸಡಿಲ ಮಾಡಿಕೊಂಡು ಉಂಡರು. ಮೊದಲನೆಯ ಎಲೆಯವನು ಏಳದೆ ಏಳುವಂತಿಲ್ಲ. ಏಳಬೇಕೆಂಬ ಆತುರವೂ ಯಾರಿಗೂ ಇರಲಿಲ್ಲ. ಜಯಕುಮಾರ ಬೆನ್ನ ಹಿಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ, ಬಕೆಟ್ಟುಗಳು ತುಂಬಿ ಹೋಗಿ ಖಾಲಿ ಬರುವುದನ್ನು ನೋಡುತ್ತಿದ್ದ. ಬಾಲರಾಜು ಅನ್ನದ ಅಗುಳುಗಳನ್ನು ಒಂದೊಂದಾಗಿ ಮೊಸರಿಗೆ ಪರಿಚಯ ಮಾಡಿಸುತ್ತಿದ್ದ. ಕೊನೆಗೆ ಅಡುಗೆಯವನೇ ಬಂದು, ಹಂಡೆಯಲ್ಲಿ ಸೌಟು ತಳ ಕೆರೆಯುತ್ತಿದೆ ಎಂದು ಸಂಘದ ಅಧ್ಯಕ್ಷರ ಕಿವಿಯಲ್ಲಿ ಹೇಳಿದ. ಅಧ್ಯಕ್ಷರ ಕಿವಿ ಬಾಲರಾಜುವಿನ ಎಡಗಡೆಗೇ ಇತ್ತು.

ಬಾಲರಾಜು ಎಲೆ ಮಡಿಸಿ ಎದ್ದ.

ಎರಡನೇ ಪಂಕ್ತಿಗೆ ಮುದ್ದೆ ಮತ್ತು ಸಾರು ಬಡಿಸಿದರು. ಜಯಕುಮಾರ ಅದನ್ನು ಉಂಡ.